ಚಿನ್ನ ಸಿಕ್ತಾ? ಕಡಲ ತಳದ ಹಡಗುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು "ಏನು ಕೆಲಸ ಮಾಡೋದು?" ಅಂತಾರೆ. ಸಮುದ್ರದಲ್ಲಿ ಮುಳುಗಿ ಬಿದ್ದಿರುವ ಹಳೇ ಹಡಗುಗಳನ್ನು ನೋಡಿ ಆಗಿನ ವ್ಯಾಪಾರ ಹೇಗಿತ್ತು ಅಂತ ತಿಳ್ಕೊಳ್ಳೋದು ಅಂದರೆ, ಹೋಳಿಗೆ ಮುರಿಯುವ ಕೈ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಶುರು. ಪ್ರತಿ ಸಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿಪಾಠ ಆಗಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಇದನ್ನೇ ಕಳಿಸಿ ಊಟ ಮುಂದುವರಿಸಬಹುದು.

ಚಿನ್ನ ಸಿಕ್ತಾ?

ಇಲ್ಲ. ನನಗಂತೂ ಒಂದು ಗುಲಗಂಜಿ ತೂಕವೂ ಸಿಕ್ಕಿಲ್ಲ.

ಚಿನ್ನ ಇದ್ದ ಹಡಗುಗಳು ಇಲ್ಲವೇ ಇಲ್ಲ ಅಂತಲ್ಲ. 2008ರಲ್ಲಿ ನಮೀಬಿಯಾದ ಕರಾವಳಿಯಲ್ಲಿ ವಜ್ರದ ಗಣಿಯವರು ಒಡ್ಡು ಕಟ್ಟಿ, ಸಮುದ್ರವನ್ನು ಹಿಂದಕ್ಕೆ ಸರಿಸಿ ಅಗೆಯುತ್ತಿದ್ದಾಗ ಒಂದು ಪೋರ್ಚುಗೀಸ್ ಹಡಗು ಸಿಕ್ಕಿತು. 1533ರಲ್ಲಿ ಲಿಸ್ಬನ್‌ನಿಂದ ಭಾರತಕ್ಕೆ ಹೊರಟು ಕಾಣೆಯಾದ ಬೊಮ್ ಜೆಸುಸ್ ಇದೇ ಇರಬೇಕು ಅಂತಾರೆ. ಅದರಲ್ಲಿ 2000ಕ್ಕೂ ಜಾಸ್ತಿ ಚಿನ್ನದ ನಾಣ್ಯ ಇದ್ದವು. ಸುದ್ದಿಯಾಗಿದ್ದೂ ಅದೇ. ನನ್ನ ಕಣ್ಣು ಹೋಗುವುದು ಮಾತ್ರ ಅದೇ ಹಡಗಿನ ತಾಮ್ರದ ಕಡೆ. 16 ಟನ್‌ಗಿಂತ ಹೆಚ್ಚು ತಾಮ್ರದ ಗಟ್ಟಿಗಳು, ಅವುಗಳ ಮೇಲೆ ಜರ್ಮನಿಯ ಫುಗ್ಗರ್ ಮನೆತನದ ತ್ರಿಶೂಲದಂಥ ಗುರುತು. ಅಂದರೆ ಜರ್ಮನಿಯ ಸಾಹುಕಾರರ ತಾಮ್ರ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಹೊರಟಿತ್ತು, ಇಲ್ಲಿ ಇಳಿದು ಮೆಣಸಾಗಿ ವಾಪಸ್ ಹೋಗಲಿಕ್ಕೆ. ಜೊತೆಗೆ ನೂರಕ್ಕೂ ಹೆಚ್ಚು ಆನೆದಂತ. ಆ ದಂತದ ಡಿಎನ್ಎ ನೋಡಿದರೆ ಎಲ್ಲ ಪಶ್ಚಿಮ ಆಫ್ರಿಕಾದ ಕಾಡಿನ ಆನೆಗಳದ್ದು. ಚಿನ್ನದ ನಾಣ್ಯ ಇಷ್ಟೆಲ್ಲ ಹೇಳಲ್ಲ. ಬೆಲೆ ಹೇಳುತ್ತೆ, ಅಷ್ಟೇ.

ಹಾಗಾದ್ರೆ ನಮ್ಮ ಕಡೆ ಏನು ಸಿಕ್ಕಿದೆ?

ಹಂಚು.

ನಗಬೇಡಿ. ಗೋವಾ ಕಡಲಿನ ಸೇಂಟ್ ಜಾರ್ಜ್ ರೀಫ್ ಅನ್ನುವ ಬಂಡೆಸಾಲಿನ ಹತ್ತಿರ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಮುಳುಗಿ ನೋಡಿದಾಗ ತಳದಲ್ಲಿ ಸುಟ್ಟ ಮಣ್ಣಿನ ಸಾಮಾನು ಬಿದ್ದಿತ್ತು. ಮಾಡಿನ ಹಂಚು, ನೆತ್ತಿಗೆ ಹೊದಿಸುವ ಹಂಚು, ನೆಲಕ್ಕೆ ಹಾಸುವ ಹಂಚು, ಚಿಮಣಿಯ ಇಟ್ಟಿಗೆ, ಕಂಬದ ಉರುಟು ತುಂಡುಗಳು, ಗ್ರೀಕರ ಕಟ್ಟಡಗಳಲ್ಲಿ ಇರುತ್ತಲ್ಲ, ಎಲೆ ಎಲೆ ಅಲಂಕಾರದ ಕಂಬದ ತಲೆ, ಅದು ಕೂಡ. ಎಲ್ಲ ಅಚ್ಚಿನಲ್ಲಿ ಮಾಡಿ ಸುಟ್ಟಿದ್ದು. ಮುದ್ರೆ ಏನಂತ ಇತ್ತು ಗೊತ್ತಾ? ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮಂಗಳೂರಿನಲ್ಲಿ ಶುರುವಾದ ಅದೇ ಕಾರ್ಖಾನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಳೇ ಮನೆ ಇರುವವರು ಸುಮ್ನೆ ತಲೆ ಎತ್ತಿ ನೋಡಿದರೆ ಕಾಣುವ ಹಂಚು.

ಈ ಹಡಗು ನನಗೆ ಯಾಕೆ ಇಷ್ಟ ಅಂದರೆ, ನಮ್ಮ ಕೆಲಸದ ಮೊದಲ ಪಾಠ ಇದರಲ್ಲೇ ಇದೆ. ಮುದ್ರೆಯಲ್ಲಿ 1865 ಇದೆ, ಹಾಗಾದರೆ ಹಡಗು 1865ರಲ್ಲಿ ಮುಳುಗಿತು ಅಂತ ಬರೆದುಬಿಡಬಹುದಾ? ಆಗಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ. ಆಮೇಲೆ ಮಾಡಿದ ಹಂಚಿನ ಮೇಲೂ ಅದೇ ವರ್ಷ ಒತ್ತುತ್ತಿದ್ದರು. ಹಡಗು 1865ಕ್ಕಿಂತ ಹಿಂದೆ ಮುಳುಗಿರಲು ಸಾಧ್ಯವಿಲ್ಲ ಅಂತ ಮಾತ್ರ ಖಾತ್ರಿಯಾಗಿ ಹೇಳಬಹುದು. ಈ ಒಂದು ಎಚ್ಚರ ಇಲ್ಲದೆ ಬರೆದು ಮುಖಕ್ಕೆ ಮಸಿ ಬಳ್ಕೊಂಡವರು ನಮ್ಮಲ್ಲಿ ಇದ್ದಾರೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಒಬ್ಬ.

ಎರಡನೇ ಪಾಠ, ಕಂಬದ ತಲೆ. ಮನೆಗೆ ಹಂಚು ಎಲ್ಲರಿಗೂ ಬೇಕು, ಸರಿ. ಆದರೆ ಅಂಥ ಕಂಬ ಯಾರಿಗೆ ಬೇಕು? ದೊಡ್ಡ ಬಂಗಲೆಗೋ ಕಚೇರಿಗೋ ಇರಬೇಕು ಅಂತ ನನ್ನ ಊಹೆ. ಕಲ್ಲಿನಲ್ಲಿ ಕೆತ್ತಿಸುವ ಬದಲು ಮಂಗಳೂರಿನ ಜೇಡಿಮಣ್ಣಿನಲ್ಲಿ ಅಚ್ಚು ಹಾಕಿಸಿ, ತುಂಡು ತುಂಡಾಗಿ ಹಡಗಿಗೆ ತುಂಬಿ, ಅಲ್ಲಿ ಹೋಗಿ ಜೋಡಿಸುವುದು. ಎಲ್ಲೋ ಯಾರೋ ಅಡಿಪಾಯ ಹಾಕಿ ಸಾಮಾನಿಗೆ ಕಾಯುತ್ತಾ ಕೂತಿದ್ದಿರಬೇಕು, ಪಾಪ.

ಹಡಗು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?

ಮೀನುಗಾರರಿಂದ. ತಮಾಷೆ ಅಲ್ಲ.

ಟರ್ಕಿಯ ಉಲುಬುರುನ್ ಹಡಗು 1982ರಲ್ಲಿ ಕಂಡಿದ್ದು ಸ್ಪಂಜು ಕೀಳುವ ಒಬ್ಬ ಮುಳುಗುಗಾರನಿಗೆ. ಕಿವಿ ಇರುವ ಲೋಹದ ಬಿಸ್ಕತ್ತು ಕಂಡೆ ಅಂದನಂತೆ. ಅವು 3300 ವರ್ಷ ಹಿಂದಿನ ತಾಮ್ರದ ಗಟ್ಟಿಗಳಾಗಿದ್ದವು. ಇಂಡೋನೇಷ್ಯಾದ ಬೆಲಿತುಂಗ್ ಹಡಗು 1998ರಲ್ಲಿ ಸಿಕ್ಕಿದ್ದು ಕಡಲಸೌತೆ ಹಿಡಿಯುವವರಿಗೆ. ಕಡಲಸೌತೆ ತರಕಾರಿ ಅಲ್ಲ, ಸಮುದ್ರದ ಒಂದು ಜೀವಿ, ಚೀನಾದವರು ತಿಂತಾರೆ. ಶ್ರೀಲಂಕಾದ ಗೊಡವಾಯದಲ್ಲಿ ಎರಡು ಸಾವಿರ ವರ್ಷ ಹಿಂದಿನ ಹಡಗಿನ ಅವಶೇಷವನ್ನು ತೋರಿಸಿದವರೂ ಅಲ್ಲಿನ ಮೀನುಗಾರರೇ.

ಯಂತ್ರಗಳೂ ಇವೆ. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಸೋನಾರ್ ಶಬ್ದದ ಅಲೆ ಕಳಿಸಿ ತಳದ ಚಿತ್ರ ಬಿಡಿಸುತ್ತದೆ. ಮ್ಯಾಗ್ನೆಟೋಮೀಟರ್ ಕಬ್ಬಿಣ ಇರುವ ಕಡೆ ಮುಳ್ಳು ಅಲುಗಾಡಿಸುತ್ತದೆ. ಆದರೆ ಸಮುದ್ರ ಎಷ್ಟು ದೊಡ್ಡದು ನೋಡಿ, ಯಂತ್ರ ಎಲ್ಲಿ ಇಳಿಸಬೇಕು ಅಂತ ಗೊತ್ತಿರಬೇಕಲ್ಲ. ಅದಕ್ಕೇ ಯಾವ ಊರಿಗೆ ಹೋದರೂ ಮೊದಲು ಬಂದರಿಗೆ ಹೋಗಿ ಹಳಬರ ಜೊತೆ ಚಾ ಕುಡಿದು ಒಂದೇ ಪ್ರಶ್ನೆ ಕೇಳ್ತೀನಿ: ಬಲೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ? ಬಲೆ ಹರಿದ ಜಾಗವನ್ನು ಯಾವ ಮೀನುಗಾರನೂ ಮರೆಯಲ್ಲ. ನೂರರಲ್ಲಿ ತೊಂಬತ್ತು ಸಲ ಅಲ್ಲಿರುವುದು ಬಂಡೆ, ಅದು ಬೇರೆ ಮಾತು.

ಒಂದು ಮುಳುಗಿದ ಹಡಗಿನಿಂದ ವ್ಯಾಪಾರದ ಬಗ್ಗೆ ಅಷ್ಟೆಲ್ಲ ಹೇಗೆ ಗೊತ್ತಾಗುತ್ತೆ?

ಹೀಗೆ ಯೋಚಿಸಿ. ನೆಲದ ಮೇಲೆ ಒಂದು ಹಳೇ ಊರು ಅಗೆದರೆ ಸಿಗುವುದು ಜನ ಬಿಸಾಡಿದ್ದು, ಒಡೆದಿದ್ದು, ಬಿಟ್ಟು ಹೋದದ್ದು. ನೂರಾರು ವರ್ಷದ ಕಸ ಒಂದರ ಮೇಲೊಂದು. ಹಡಗು ಹಾಗಲ್ಲ. ಅದು ಒಂದೇ ದಿನ ಮುಳುಗಿದ್ದು, ಅದರಲ್ಲಿದ್ದದ್ದೆಲ್ಲ ಆ ದಿನ ಬೇಕಾಗಿದ್ದ ಸಾಮಾನು. ಸಂತೆಗೆ ಹೊರಟ ಗಾಡಿ ದಾರಿಯಲ್ಲೇ ನಿಂತುಬಿಟ್ಟ ಹಾಗೆ.

ಉಲುಬುರುನ್ ಹಡಗನ್ನೇ ತಗೊಳ್ಳಿ. ಜಾರ್ಜ್ ಬಾಸ್, ಆಮೇಲೆ ಜೆಮಾಲ್ ಪುಲಾಕ್ ಮುಂದಾಳತ್ವದಲ್ಲಿ 1984ರಿಂದ 1994ರವರೆಗೆ ಅಗೆದರು. ಸುಮಾರು 10 ಟನ್ ತಾಮ್ರ ಸಿಕ್ಕಿತು, ಸುಮಾರು 1 ಟನ್ ತವರ ಸಿಕ್ಕಿತು. ಹತ್ತಕ್ಕೆ ಒಂದು, ಕಂಚು ಮಾಡುವ ಲೆಕ್ಕ ಅದು. ಯಾರೋ ದೊಡ್ಡ ಪ್ರಮಾಣದಲ್ಲಿ ಕಂಚು ಎರಕ ಹೊಯ್ಯಲು ತರಿಸಿಕೊಂಡಿದ್ದರು. ತಾಮ್ರ ಸೈಪ್ರಸ್‌ನದ್ದು, ಕರಿಮರ ಆಫ್ರಿಕಾದ್ದು, ಅಂಬರ್ ಮಣಿ ಯುರೋಪಿನ ಉತ್ತರ ಭಾಗದ ಬಾಲ್ಟಿಕ್ ಕಡೆಯದ್ದು. ನೀಲಿ ಗಾಜಿನ ಗಟ್ಟಿಗಳು, ಮರದ ಅಂಟು ತುಂಬಿದ ಗಡಿಗೆಗಳು, ನೀರಾನೆಯ ಹಲ್ಲು. ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರಿರುವ ಪುಟ್ಟ ಚಿನ್ನದ ಮುದ್ರೆ. (ಹೂಂ, ಅಲ್ಲಿ ಚಿನ್ನ ಇತ್ತು.) ಮಡಚುವ ಮರದ ಬರೆಯುವ ಹಲಗೆ ಕೂಡ ಇತ್ತು, ಮೇಣ ಸವರಿ ಅದರ ಮೇಲೆ ಗೀಚುವಂಥದ್ದು. ಬರೆದದ್ದು ಉಳಿದಿಲ್ಲ. ಅದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟ ಇಲಿಮರಿಯ ದವಡೆ. ಸರಕಿನ ಜೊತೆ ಟಿಕೆಟ್ ಇಲ್ಲದೆ ಹತ್ತಿದ ಒಂದು ಚಿಟ್ಟಿಲಿ. ಅದರ ದವಡೆ ಹಲ್ಲಿನ ಆಕಾರ ಅಳೆದು ನೋಡಿದರೆ ಸಿರಿಯಾ ಕರಾವಳಿಯ ಇಲಿಗಳಿಗೆ ಹೋಲುತ್ತದೆ. ಹಡಗು ಯಾವ ಬಂದರಿನ ಕಡೆಯಿಂದ ಬಂತು ಅನ್ನುವುದಕ್ಕೆ ಇಲಿ ಸಾಕ್ಷಿ ಹೇಳಿತು!

ನೀರೊಳಗೆ ಹಾರೆ ಪಿಕಾಸಿ ಹಿಡ್ಕೊಂಡು ಅಗೀತೀರಾ?

ಇಲ್ಲಪ್ಪ. ಜಾಸ್ತಿ ಕೆಲಸ ಕೈಯಿಂದಲೇ. ಅಂಗೈ ಬೀಸಿದರೆ ನೀರಿಗೆ ಒಂದು ಅಲೆ ಏಳುತ್ತದೆ, ಅದು ಮರಳನ್ನು ಎಬ್ಬಿಸುತ್ತದೆ. ಎದ್ದ ಮರಳನ್ನು ಗಾಳಿ ಒತ್ತಡದಿಂದ ಹೀರುವ ದಪ್ಪ ಪೈಪು ಎಳೆದುಕೊಂಡು ದೂರಕ್ಕೆ ಉಗುಳುತ್ತದೆ. ಅದಕ್ಕೂ ಮೊದಲು ತಳಕ್ಕೆ ಚೌಕಟ್ಟು ಹಾಕಿ ಮನೆ ಮನೆ ಮಾಡಿಕೊಳ್ಳಬೇಕು, ಚೌಕಾಬಾರ ಬರೆದ ಹಾಗೆ. ಯಾವ ಮನೆಯಲ್ಲಿ ಯಾವ ಚೂರು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅದರ ಮೇಲೆ ಏನಿತ್ತು ಎಲ್ಲ ಬರೆಯಬೇಕು. ಪ್ಲಾಸ್ಟಿಕ್ ಹಾಳೆ, ಮಾಮೂಲಿ ಸೀಸದ ಕಡ್ಡಿ. ಸೀಸದ ಕಡ್ಡಿ ನೀರಲ್ಲೂ ಬರೆಯುತ್ತೆ, ಇದು ಹೇಳಿದರೆ ಮಕ್ಕಳಿಗೆ ಹಡಗಿಗಿಂತ ಜಾಸ್ತಿ ಆಶ್ಚರ್ಯ. ಈಗ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹೊಲಿದು ಮೂರು ಆಯಾಮದ ಚಿತ್ರ ಮಾಡುವುದು ರೂಢಿ. ಆದರೆ ಅಳಿವೆ ಹತ್ತಿರ ನೀರು ಚಾ ಬಣ್ಣಕ್ಕಿರುತ್ತದೆ, ಚಾಚಿದ ನನ್ನ ಕೈಯೇ ನನಗೆ ಕಾಣಲ್ಲ. ಅಲ್ಲಿ ಕ್ಯಾಮೆರಾ ಇಟ್ಟುಕೊಂಡು ಏನು ಮಾಡೋದು? ಬೆರಳೇ ಕಣ್ಣು.

ನಮ್ಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಕಡಲಿಗೆ ಇಳಿಯೋ ಮಾತೇ ಇಲ್ಲ. ಹಿಂದಿನ ಕಾಲದ ಹಡಗಿನವರೂ ಆಗ ಇಳಿಯುತ್ತಿರಲಿಲ್ಲ. ಆ ವಿಷಯದಲ್ಲಿ ಎರಡು ಸಾವಿರ ವರ್ಷದಲ್ಲಿ ಏನೂ ಬದಲಾಗಿಲ್ಲ.

ಭಯ ಆಗಲ್ವಾ?

ಆಗುತ್ತೆ. ಶಾರ್ಕ್‌ಗೆ ಅಲ್ಲ, ಗಡಿಯಾರಕ್ಕೆ. 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟು, 50 ಮೀಟರಿಗೆ ಆರು ಪಟ್ಟು. ಉಸಿರಾಡಿದ ಸಾರಜನಕ ಒತ್ತಡಕ್ಕೆ ಸಿಕ್ಕಿ ರಕ್ತದಲ್ಲಿ ಕರಗುತ್ತಾ ಹೋಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವರೆಗೆ ಏನು ಬೇಕಾದರೂ ಆಗಬಹುದು. 30 ಮೀಟರ್ ದಾಟಿದ ಮೇಲೆ ಎರಡು ಪೆಗ್ ಹಾಕಿದ ಹಾಗೆ ತಲೆ ಮಂಕಾಗುವುದೂ ಇದೆ, ಕೂಡಿಸೋ ಲೆಕ್ಕ ತಪ್ಪುತ್ತೆ. ಉಲುಬುರುನ್ ಹಡಗು ಬಿದ್ದಿದ್ದು 44 ಮೀಟರಿನಿಂದ ಕೆಳಗೆ. ಅಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತು ನಿಮಿಷ ಮಾತ್ರ ಕೆಲಸ. ಒಟ್ಟು 22,413 ಸಲ ಮುಳುಗಿದ್ದಾರೆ. ಹನ್ನೊಂದು ವರ್ಷ ಯಾಕೆ ಬೇಕಾಯ್ತು ಅಂತ ಈಗ ಗೊತ್ತಾಯ್ತಲ್ಲ.

ಸಿಕ್ಕಿದ್ದನ್ನ ಮೇಲೆ ತಂದು ತೊಳೆದು ಮ್ಯೂಸಿಯಂನಲ್ಲಿ ಇಡೋದು, ಅಷ್ಟೇ ತಾನೆ?

ಅಯ್ಯೋ, ಅಸಲಿ ತಲೆನೋವು ಶುರುವಾಗೋದೇ ಆಗ.

ಕಲಿಯುವ ಕಾಲದಲ್ಲಿ ಒಮ್ಮೆ ನಾನು ಗಡಿಗೆಯ ಒಂದು ಚೂರನ್ನು ದೋಣಿಯಲ್ಲೇ ಬಿಸಿಲಿಗೆ ಬಿಟ್ಟು ಊಟಕ್ಕೆ ಕೂತೆ. ಕೈ ತೊಳೆದು ಬಂದು ನೋಡಿದರೆ ಮೇಲೆ ಬಿಳಿ ಪುಡಿ, ಕೆಲವೇ ದಿನದಲ್ಲಿ ಮೇಲಿನ ಪದರ ಹಪ್ಪಳದಂತೆ ಎದ್ದು ಬಂತು. ಇಷ್ಟು ವರ್ಷ ಕುಡಿದ ಉಪ್ಪು ಒಣಗುವಾಗ ಹರಳು ಕಟ್ಟುತ್ತದೆ, ಹರಳು ಮಣ್ಣನ್ನು ಒಡೆಯುತ್ತದೆ. ಸಮುದ್ರದಲ್ಲಿ ಶತಮಾನ ಬಾಳಿದ್ದು ನನ್ನ ಒಂದು ಊಟದ ಹೊತ್ತಿಗೆ ಹೋಯಿತು. ಆಮೇಲೆ ಸಿಕ್ಕಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮೇಲೆ ತಂದದ್ದನ್ನು ಒದ್ದೆಯಾಗೇ ಇಟ್ಟು, ಸಿಹಿನೀರು ಬದಲಾಯಿಸುತ್ತಾ ತಿಂಗಳುಗಟ್ಟಲೆ ಉಪ್ಪು ಬಿಡಿಸಬೇಕು.

ಮರದ್ದು ಇನ್ನೂ ಕಷ್ಟ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಪ್ರಯಾಣದಲ್ಲೇ ಬಂದರು ದಾಟುವ ಮುನ್ನ ಮಗುಚಿತು. 1961ರಲ್ಲಿ ಮೇಲೆತ್ತಿದರು. ನೀರು ಆರಿದರೆ ಮರ ಮುದುಡಿ ಸೀಳುತ್ತದೆ ಅಂತ, ನೀರಿನ ಜಾಗದಲ್ಲಿ ಮೇಣದಂಥ ರಾಸಾಯನಿಕ ತುಂಬಲು ಹದಿನೇಳು ವರ್ಷ ಸಿಂಪಡಿಸಿದರು. ವಾಸಾ ಅಷ್ಟು ಚೆನ್ನಾಗಿ ಉಳಿದಿದ್ದಕ್ಕೆ ಕಾರಣ ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಹಾಗಾಗಿ ಮರ ಕೊರೆಯುವ ಹುಳು ಅಲ್ಲಿ ಬದುಕಲ್ಲ. ನಮ್ಮ ಬೆಚ್ಚಗಿನ ಉಪ್ಪುನೀರಿನಲ್ಲಿ ಆ ಹುಳುವಿಗೆ ದಿನಾ ಹಬ್ಬ. ಹೂಳಿನಲ್ಲಿ ಹೂತುಹೋದ ಮರ ಮಾತ್ರ ತಪ್ಪಿಸಿಕೊಳ್ಳುತ್ತೆ. ಅದಕ್ಕೇ ಇಲ್ಲಿ ಹಡಗು ಅಂತ ಹೋದರೆ ಸಿಗುವುದು ಸರಕು, ಲಂಗರು, ಫಿರಂಗಿ.

ಕರ್ನಾಟಕದ ಕರಾವಳಿಯಿಂದ ಅಷ್ಟೊಂದು ವ್ಯಾಪಾರ ಇತ್ತಾ?

ಬಾರ್ಕೂರು, ಬಸ್ರೂರು, ಭಟ್ಕಳ, ಹೊನ್ನಾವರ, ಮಂಗಳೂರು. ಹೆಸರು ಕೇಳಿದರೇ ಸಾಕು. ಒಂದು ಕಥೆ ಹೇಳ್ತೀನಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೇಳು ವರ್ಷದ ಹತ್ತಿರ ಇದ್ದ. ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಬೊಮ್ಮ. ಮೆಣಸು, ಅಡಿಕೆ, ಕಬ್ಬಿಣ ಯೆಮನ್ನಿನ ಏಡನ್ ಬಂದರಿಗೆ ಕಳಿಸೋದು, ಅಲ್ಲಿಂದ ಒಡೆದ ತಾಮ್ರ, ಕಾಗದ, ಸಕ್ಕರೆ ತರಿಸೋದು. ಇದೆಲ್ಲ ಗೊತ್ತಾಗಿದ್ದು ಕೈರೋದ ಹಳೇ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕಾಗದದ ಕೋಣೆಯಲ್ಲಿ ಅವನ ಪತ್ರಗಳು ಉಳಿದಿದ್ದರಿಂದ.

ಏಡನ್‌ನಿಂದ ಅವನಿಗೆ ಬಂದ ಒಂದು ಪತ್ರದಲ್ಲಿ ಹಡಗು ಮುಳುಗಿದ ಸುದ್ದಿ ಇದೆ. ನಿನ್ನ ಮೆಣಸು ಪೂರ್ತಿ ಹೋಯಿತು, ಕಬ್ಬಿಣದಲ್ಲಿ ಒಂದಷ್ಟನ್ನು ಮುಳುಗುಗಾರರು ಮೇಲೆ ತಂದರು ಅನ್ನುವುದು ಅದರ ತಾತ್ಪರ್ಯ. ಒಂಬೈನೂರು ವರ್ಷ ಹಿಂದೆ, ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಇಳಿದು ಕಬ್ಬಿಣ ಎತ್ತಿದ್ದಾರೆ! ಮೆಣಸು ನೀರುಪಾಲಾಗುತ್ತೆ, ಲೋಹ ತಳದಲ್ಲಿ ಉಳಿಯುತ್ತೆ. ಹಾಗಾಗಿ ಇವತ್ತು ಬರೀ ತಳ ನೋಡಿ ವ್ಯಾಪಾರದ ಲೆಕ್ಕ ಹಾಕಿದರೆ ಅರ್ಧ ಲೆಕ್ಕ ತಪ್ಪುತ್ತದೆ. ಮೆಣಸು, ಬಟ್ಟೆ, ಅಕ್ಕಿ ಇದ್ದದ್ದನ್ನು ಕಾಗದ ಪತ್ರದಿಂದ ಹುಡುಕಬೇಕು. ನನ್ನ ವರ್ಷದ ಹೆಚ್ಚಿನ ದಿನ ಹೋಗುವುದು ಕುರ್ಚಿಯಲ್ಲಿ ಕೂತು, ಸಮುದ್ರದಲ್ಲಲ್ಲ.

ಗೋವಾದ ಸುಂಚಿ ರೀಫ್‌ನಲ್ಲಿ ಸಿಕ್ಕಿದ 17ನೇ ಶತಮಾನದ ಆರಂಭದ ಪೋರ್ಚುಗೀಸ್ ಹಡಗಿನದ್ದೂ ಇದೇ ಕಥೆ. ಫಿರಂಗಿ, ಆನೆದಂತ, ನೀರಾನೆ ಹಲ್ಲು, ಚೀನಾದ ಪಿಂಗಾಣಿ ಉಳಿದವು. ಹೊಟ್ಟೆಗೆ ತಿನ್ನುವ, ಮೈಗೆ ಉಡುವ ಸರಕು ಇದ್ದಿದ್ದರೂ ಅದರ ಗುರುತು ಉಳಿದಿಲ್ಲ.

ದ್ವಾರಕೆ ಸಿಕ್ಕಿದ್ದು ನಿಜಾನಾ?

ಈ ಪ್ರಶ್ನೆ ಇಲ್ಲದೆ ಯಾವ ಊಟವೂ ಮುಗಿದಿಲ್ಲ. ಗುಜರಾತಿನ ದ್ವಾರಕೆಯ ಕಡಲಲ್ಲಿ ಕಡಿದ ಕಲ್ಲುಗಳು, ನೂರಕ್ಕೂ ಹೆಚ್ಚು ಕಲ್ಲಿನ ಲಂಗರುಗಳು ಸಿಕ್ಕಿವೆ. ಅದು ಬಹಳ ಕಾಲ ನಡೆದ ಬಂದರು ಅನ್ನುವುದರಲ್ಲಿ ಸಂಶಯ ಇಲ್ಲ. ಯಾರ ಅರಮನೆ ಅಂತ ಕಲ್ಲು ಹೇಳಲ್ಲ. ಲಂಗರಿಗೆ ವಯಸ್ಸು ಹಚ್ಚುವುದೂ ಕಷ್ಟ, ಅದೇ ಆಕಾರದ್ದನ್ನು ಶತಮಾನಗಟ್ಟಲೆ ಬಳಸಿದ್ದಾರೆ. ಆ ಕೆಲಸ ಶುರು ಮಾಡಿದವರು ಎಸ್. ಆರ್. ರಾವ್, ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು, ಲೋಥಲ್ ಅಗೆದವರು. ಬೇರೆಯವರು ನಿವೃತ್ತಿಯಾಗಿ ಮೊಮ್ಮಕ್ಕಳ ಜೊತೆ ಕೂರುವ ವಯಸ್ಸಿನಲ್ಲಿ ಗೋವಾದಲ್ಲಿ ಕಡಲ ಪುರಾತತ್ವದ ಕೇಂದ್ರ ಕಟ್ಟಿದರು. ಅವರ ಎಲ್ಲ ತೀರ್ಮಾನವನ್ನೂ ನಾನು ಒಪ್ಪಲ್ಲ. ಅವರಿಲ್ಲದಿದ್ದರೆ ನನಗೆ ಈ ಕೆಲಸವೇ ಇರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಸರ್ಕಾರಕ್ಕೆ ದುಡ್ಡಿಲ್ಲ ಅಂದ್ರೆ ಕಂಪನಿಯವರು ತೆಗೆದು ಮಾರಿದ್ರೆ ತಪ್ಪೇನು?

ಬೆಲಿತುಂಗ್ ಹಡಗಲ್ಲಿ ಆಗಿದ್ದು ಹೆಚ್ಚುಕಡಿಮೆ ಅದೇ. ಹಗ್ಗದಿಂದ ಹೊಲಿದ, ಅರಬ್ಬರ ಮಾದರಿಯ ಹಡಗು. ಒಳಗೆ ಚೀನಾದ ಸುಮಾರು 60,000 ಪಿಂಗಾಣಿ ಸಾಮಾನು, ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಹೊಂದುವ ತಾರೀಖು. ಖಾಸಗಿಯವರು ಎತ್ತಿದರು. ಸರಕಿನ ಬಹುಪಾಲು ಒಟ್ಟಾಗಿ ಸಿಂಗಾಪುರಕ್ಕೆ ಮಾರಾಟವಾಯಿತು, ಅದೊಂದು ಪುಣ್ಯ. ಬಿಡಿಬಿಡಿಯಾಗಿ ಹರಾಜಾಗಿದ್ದರೆ ಕಥೆ ಮುಗಿದಿತ್ತು. ಆದರೂ ತೆಗೆದ ರೀತಿಯ ಬಗ್ಗೆ ಗಲಾಟೆಯಾಗಿ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಸ್ಥೆ ಅದರ ಪ್ರದರ್ಶನವನ್ನೇ ಕೈಬಿಟ್ಟಿತು. ನನ್ನ ಮಾತು ಸರಳ: ಮಾರಬೇಕು ಅಂತ ಇಳಿದವನು ಮಾರಾಟವಾಗುವುದನ್ನು ಮಾತ್ರ ನೋಡ್ತಾನೆ. ಇಲಿಯ ದವಡೆಯನ್ನು ಯಾರು ಎತ್ತುತ್ತಾರೆ?

ಯುನೆಸ್ಕೋದ 2001ರ ಒಪ್ಪಂದ ನೂರು ವರ್ಷ ನೀರಲ್ಲಿದ್ದದ್ದನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುತ್ತದೆ, ಸಾಧ್ಯವಾದರೆ ಇದ್ದಲ್ಲೇ ಬಿಡಿ ಅನ್ನುತ್ತದೆ.

ಬಲೆಗೆ ಏನಾದ್ರೂ ಹಳೇದು ಸಿಕ್ಕಿದ್ರೆ?

ಜಿಪಿಎಸ್ ಅಂಕಿ ಬರೆದಿಟ್ಟುಕೊಳ್ಳಿ, ಎಲ್ಲಕ್ಕಿಂತ ಮುಖ್ಯ ಅದು. ವಸ್ತುವನ್ನು ಬಕೆಟ್ ನೀರಲ್ಲೇ ಇಡಿ, ಉಜ್ಜಬೇಡಿ. ಜಿಲ್ಲಾಡಳಿತಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಲೈಸೆನ್ಸ್ ಇಲ್ಲದೆ ಮಾರುವ ದಂಧೆ 1972ರ ಕಾಯ್ದೆ ಪ್ರಕಾರ ಅಪರಾಧ. ಮದ್ದುಗುಂಡಿನ ಥರ ಕಂಡರೆ ಮುಟ್ಟಲೇಬೇಡಿ.

ನನ್ನ ಮಗಳಿಗೆ ಇದನ್ನೇ ಓದಬೇಕಂತೆ. ಏನು ಮಾಡಿಸಲಿ?

ಮೊದಲು ಪುರಾತತ್ವ ಅಥವಾ ಇತಿಹಾಸದಲ್ಲಿ ಎಂಎ. ಧಾರವಾಡ, ಮೈಸೂರು, ಪುಣೆಯ ಡೆಕ್ಕನ್ ಕಾಲೇಜು ಎಲ್ಲಾದರೂ ಸರಿ. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದಲ್ಲಿ ಕಡಲ ಪುರಾತತ್ವಕ್ಕೇ ವಿಭಾಗ ಇದೆ. ಹೊರಗೆ ಹೋಗುವುದಾದರೆ ಟೆಕ್ಸಾಸ್ ಎ ಆ್ಯಂಡ್ ಎಂ, ಸೌತಾಂಪ್ಟನ್. ಡೈವಿಂಗ್ ಆಮೇಲೆ ಕಲಿಯಬಹುದು, ನಮ್ಮ ಮುರುಡೇಶ್ವರದ ನೇತ್ರಾಣಿಯಲ್ಲೇ ಕಲಿಸುತ್ತಾರೆ. 1960ರಲ್ಲಿ ಟರ್ಕಿಯ ಗೆಲಿಡೋನ್ಯಾ ಹಡಗು ಅಗೆಯಲು ಹೊರಟಾಗ ಜಾರ್ಜ್ ಬಾಸ್‌ಗೂ ಡೈವಿಂಗ್ ಹೊಸದೇ. ಮುಳುಗುಗಾರನಿಗೆ ಪುರಾತತ್ವ ಕಲಿಸುವುದಕ್ಕಿಂತ ಪುರಾತತ್ವದವನಿಗೆ ಮುಳುಗುವುದು ಕಲಿಸುವುದು ಸುಲಭ ಅನ್ನುವುದು ನಮ್ಮಲ್ಲಿ ಹಳೇ ಮಾತು. ಕೆಲಸಗಳು ಕಡಿಮೆ. ಬೆರಳಲ್ಲಿ ಎಣಿಸುವಷ್ಟು ಅಂತ ಮಗಳಿಗೆ ಈಗಲೇ ಹೇಳಿ. ಆಮೇಲೂ ಬೇಕು ಅಂದರೆ ಬಿಡಿ, ಓದಲಿ.

ಈಜು ಬರಲೇಬೇಕಾ?

ಬರಲೇಬೇಕು!

ನಮ್ಮ ಅಜ್ಜನ ಮನೆ ಹಂಚಿನ ಬಗ್ಗೆ ಏನಾದ್ರೂ ಹೇಳ್ತೀರಾ?

ಹಂಚು ಇಳಿಸುವಾಗ ಒಂದನ್ನು ತಿರುಗಿಸಿ ನೋಡಿ. ಕಾರ್ಖಾನೆ ಹೆಸರು, ಊರು, ಗುರುತಿನ ಚಿತ್ರ ಏನಿದೆ ಅಂತ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲು ಇಡಿ. ಮನೆ ಯಾವಾಗ ಕಟ್ಟಿದ್ದು, ಹಂಚು ಗಾಡಿಯಲ್ಲಿ ಬಂತಾ ದೋಣಿಯಲ್ಲಿ ಬಂತಾ ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ನೀರಿನಡಿ ಸಿಕ್ಕ ಹಂಚನ್ನು ಹೋಲಿಸಿ ನೋಡಲು ನಮಗೆ ಬೇಕಾಗಿರುವುದು ವರ್ಷ ಗೊತ್ತಿರುವ ಮನೆಯ ಹಂಚು. ಅಂಥ ಮನೆಗಳು ಪ್ರತಿ ಬೇಸಿಗೆಗೆ ಒಂದಷ್ಟು ಕಡಿಮೆಯಾಗುತ್ತಿವೆ. ಕಂಟ್ರಾಕ್ಟರು ಲಾರಿಗೆ ತುಂಬುವ ಮೊದಲು ಒಂದೆರಡು ಹಂಚು ಎತ್ತಿಟ್ಟುಕೊಳ್ಳಿ. ಜಾಗ ಇಲ್ಲ ಅಂದರೆ ನನಗೆ ಕೊಡಿ. ನಮ್ಮ ಮನೆಯಲ್ಲಿ ಈಗಾಗಲೇ ಹದಿನಾಲ್ಕು ಇವೆ, ಹದಿನೈದನೆಯದಕ್ಕೆ ಬೈಸಿಕೊಳ್ಳಲು ನಾನು ತಯಾರು.